ಇಳಿಯುವ ಮೊದಲು ದೀಪ

ದೆಶುನ್ ನೆಲಮಾಳಿಗೆಯ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು. ಅವನ ಹೆಂಡತಿ ಶೂಫೆನ್ ಹಿಂದಿನಿಂದ ಅಂಗಿಯ ಚುಂಗನ್ನು ಹಿಡಿದು ನಿಲ್ಲಿಸಿದಳು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಮಗು ಮಿನ್‌ನ ಹೆಸರು ಹಿಡಿದೇ ಕರೆಯುವುದು.

"ತಡಿ, ಮಿನ್ ಅಪ್ಪ. ಕೆಳಗಿಂದ ಏನೋ ಮೂಗಿಗೆ ಚುರುಚುರು ಅಂತ ಬಡೀತಿದೆ."

"ಬಿಯರ್ ಅಂಗಡಿಯವಳಿಗೆ ಬಿಯರ್ ವಾಸನೆ ಹೊಸದಾ? ಬಿಡು. ಮೇಲಿನ ಪೀಪಾಯಿ ಬರಿದಾಗಿದೆ. ಜನ ಚಿಪ್ಪುಮೀನು ತಿಂದು ಬಾಯಿ ಒಣಗಿಸಿಕೊಂಡು ಕೂತಿದಾರೆ."

ಅಂಗಡಿಯ ಮೇಜಿನಿಂದ ಹಳೆಯ ಗಿರಾಕಿ ಗೊಂಗ್ ಮುದುಕನ ದನಿ ಅಂಗಳದವರೆಗೂ ಬಂತು. "ದೆಶುನ್, ಪೀಪಾಯಿ ತರೋಕೆ ಹೋದೆಯೋ, ಬಾರ್ಲಿ ಬಿತ್ತೋಕೆ ಹೋದೆಯೋ?"

ಚೀನಾದ ಕಡಲೂರು ಚಿಂಗ್‌ಡಾವ್‌ನ ಎಲ್ಲ ಬಿಯರ್ ಮನೆಗಳಂತೆ ಅವರದೂ ಪೀಪಾಯಿಗಳನ್ನು ಬಾಗಿಲಾಚೆಯ ಕಾಲುಹಾದಿಯ ಮೇಲೆ ನಿಲ್ಲಿಸಿ, ಒದ್ದೆ ಹತ್ತಿಯ ರಜಾಯಿ ಹೊದಿಸಿ, ಸಂಜೆಯೊಳಗೆ ಬರಿದು ಮಾಡುತ್ತಿದ್ದ ಅಂಗಡಿ. ಆ ವಾರ ಕಾಲುಹಾದಿಯಲ್ಲಿ ಏನನ್ನೂ ಇಡಕೂಡದೆಂಬ ಆಜ್ಞೆ ಬಂತು. ಒಳಗಿದ್ದುದು ನಾಲ್ಕು ಮೇಜು, ಒಂದು ನಲ್ಲಿ. ಒಂದು ಪೀಪಾಯಿ ಒಳಬಂದರೆ ಒಬ್ಬ ಗಿರಾಕಿ ಹೊರಹೋಗಬೇಕಾದಷ್ಟು ಜಾಗ. ತಂಪಿನ ತಾವಿಲ್ಲದ ಅಂಗಡಿಗೆ ತಾಜಾ ಬಿಯರನ್ನು ಯಾರೂ ಇಳಿಸುವುದಿಲ್ಲ. ಮರುದಿನಕ್ಕೆ ಅದು ಹುಳಿ. ಆಗ ದೆಶುನ್‌ಗೆ ನೆನಪಾದದ್ದು ಅಂಗಳದ ಮೆಟ್ಟಿಲ ಕೆಳಗಿನ ನೆಲಮಾಳಿಗೆ. ವಠಾರದ ಮನೆಗಳವರೆಲ್ಲ ಹಿಂದೆ ಚಳಿಗಾಲದ ಎಲೆಕೋಸನ್ನು ಪೇರಿಸುತ್ತಿದ್ದುದು ಅಲ್ಲಿಯೇ.

ಹಿಂದಿನ ದಿನವೆಲ್ಲ ಅವನು ಅದನ್ನು ಜೋಡಿಸಿದ್ದ. ತುಂಬಿದವು ಕೆಳಗೆ, ಬರಿದಾದವು ಮೇಲೆ, ನಡುವೆ ಹಲಗೆ. ಒಂದನ್ನೂ ಮಲಗಿಸಲಿಲ್ಲ, ಎರಡರ ಮೇಲೆ ಮೂರನೆಯದನ್ನು ಏರಿಸಲಿಲ್ಲ. ಒಬ್ಬ ಮನುಷ್ಯ ಅಡ್ಡ ತಿರುಗಿ ನಡೆಯುವಷ್ಟು ದಾರಿ ಬಿಟ್ಟು, ಬಿಯರನ್ನು ನಲ್ಲಿಗೆ ನೂಕುವ ಅನಿಲದ ಸಿಲಿಂಡರನ್ನು ಮೂಲೆಯ ಗೋಡೆಗೆ ಸರಪಳಿಯಿಂದ ಬಿಗಿದಿದ್ದ. ನೋಡಿದವರು ತಲೆದೂಗಿದ್ದರು. ಕೊನೆಗೆ ಅವನು ಎಲ್ಲರೂ ಮಾಡುವುದನ್ನೇ ಮಾಡಿದ: ರಜಾಯಿ ಒದ್ದೆ ಮಾಡಿ ತಂದ. ಊರು ಇಳಿಜಾರಿನ ಮೇಲಿದ್ದುದರಿಂದ ನೆಲಮಾಳಿಗೆಯ ಹಿಂಗೋಡೆಯಲ್ಲಿ, ಅದರ ನೆಲದ ಮಟ್ಟಕ್ಕೆ, ಕೆಳಗಿನ ಓಣಿಗೆ ತೆರೆಯುವ ಒಂದು ಕಂಡಿಯಿತ್ತು. ತಂಪು ಓಡಿಹೋಗದಿರಲೆಂದು ಒಂದು ರಜಾಯಿಯನ್ನು ಅದಕ್ಕೆ ತುರುಕಿದ. ಇನ್ನೊಂದನ್ನು ನೆಲಮಾಳಿಗೆಯ ಬಾಯಿಗೆ ಹೊದಿಸಿದ.

"ದೀಪ ಬಿಡದೆ ಇಳೀಬೇಡ," ಎಂದಳು ಶೂಫೆನ್.

"ಇದೇನು ನಿಮ್ಮೂರ ಗೆಣಸಿನ ಗುಂಡಿಯಾ?"

ಶೂಫೆನ್‌ಳ ಅಜ್ಜಿಯ ಊರಿನಲ್ಲಿ ಗೆಣಸಿನ ಗುಂಡಿಗೆ ಯಜಮಾನನಿಗಿಂತ ಮೊದಲು ದೀಪ ಇಳಿಯಬೇಕು. ಕೆಳಗೆ ಮಣ್ಣಜ್ಜ ಮಲಗಿರುತ್ತಾನೆ. ನಿದ್ದೆ ಮುಗಿಯದಿದ್ದರೆ ದೀಪವನ್ನು ಊದಿಬಿಡುತ್ತಾನೆ. ಊದಿದನೆಂದರೆ ಮುಚ್ಚಳ ತೆಗೆದಿಟ್ಟು ಸದ್ದಿಲ್ಲದೆ ಮರಳಬೇಕು. ಪಕ್ಕದ ಊರಿನವರು ಅವನು ಅಜ್ಜನಲ್ಲ, ಮುದುಕಿ ಎನ್ನುತ್ತಾರೆ. ಊದುವುದರಲ್ಲಿ ಮಾತ್ರ ಇಬ್ಬರಿಗೂ ಭೇದವಿಲ್ಲ. ಅಜ್ಜಿಯ ಹಿರಿಯ ಮಗ ಒಮ್ಮೆ ದೀಪ ಬಿಡದೆ ಇಳಿದ. ಅವನನ್ನು ಎತ್ತಲು ಕಿರಿಯವನು ಇಳಿದ. ಆ ಇಬ್ಬರು ಸೋದರಮಾವಂದಿರ ಮುಖವನ್ನು ಶೂಫೆನ್ ನೋಡಿದ್ದಿಲ್ಲ.

"ಗುಂಡಿ ಅಂದ್ರೆ ಗುಂಡಿನೇ," ಎಂದಳು. "ಮೇಲೆ ಬಾ. ಆಮೇಲೆ ಎಷ್ಟು ಬೇಕಾದ್ರೂ ನಗು."

ಮೋಂಬತ್ತಿಯ ತುಂಡೊಂದನ್ನು ಡಬ್ಬದ ಮುಚ್ಚಳಕ್ಕೆ ಅಂಟಿಸಿ, ಮೂರು ಕಡೆ ತಂತಿ ಕಟ್ಟಿ, ದಾರದಲ್ಲಿ ಇಳಿಬಿಟ್ಟಳು. ಅಷ್ಟರಲ್ಲಿ ಗೊಂಗ್ ಮುದುಕ ಬಿಯರ್ ತುಂಬಿಸಿ ಒಯ್ಯುವ ಬರಿದಾದ ಪ್ಲಾಸ್ಟಿಕ್ ಚೀಲವನ್ನು ಬೆರಳಿಗೆ ಸಿಕ್ಕಿಸಿಕೊಂಡು ಅಲ್ಲಿಗೇ ಬಂದಿದ್ದ.

"ಏನಮ್ಮಾ, ಬಿಯರ್‌ಗೆ ಪೂಜೆಯಾ? ಆಗಲಿ, ಬೇಗ ಮುಗಿಸು. ಈ ವಯಸ್ಸಲ್ಲಿ ನಾನು ತುಂಬಾ ಹೊತ್ತು ಕಾಯೋ ಹಾಗಿಲ್ಲ."

ಜ್ವಾಲೆ ನೆಟ್ಟಗೆ ಇಳಿಯಿತು. ಏಣಿಯ ಅರ್ಧಕ್ಕೆ ಬಂದದ್ದೇ ಬತ್ತಿಯಿಂದ ಬಿಟ್ಟು, ಒಂದು ಕ್ಷಣ ಅಂತರದಲ್ಲಿ ನಿಂತು, ಇಲ್ಲವಾಯಿತು.

"ಗಾಳಿ," ಎಂದ ದೆಶುನ್.

"ಎಲ್ಲಿದೆ ಗಾಳಿ? ಕಂಡಿ ಮುಚ್ಚಿದ್ದು ನೀನೇ ಅಲ್ವಾ?"

ಅವನು ಅವಳ ಕೈಯಿಂದ ದಾರ ಕಸಿದುಕೊಂಡ. ತಾನೇ ಹಚ್ಚಿ, ಅಂಗೈ ಮರೆಮಾಡಿ, ನಿಧಾನವಾಗಿ ಬಿಟ್ಟ. ಅದೇ ಮೆಟ್ಟಿಲಿನ ಬಳಿ ಜ್ವಾಲೆ ಆರಿತು. ಮತ್ತೆ ಹಚ್ಚಿದ, ಮತ್ತೆ ಅಲ್ಲಿಯೇ. ನೀರಿನ ತೊಟ್ಟಿಯಲ್ಲಿ ಅದ್ದಿದಂತೆ, ಒಂದು ಗೆರೆಯ ಮೇಲೆ ಬೆಂಕಿ, ಕೆಳಗೆ ಬೆಂಕಿಯಿಲ್ಲ. ಸಿಲಿಂಡರಿನ ಕೊರಳಲ್ಲಿ ಸವೆದುಹೋದ ರಬ್ಬರಿನ ಬಿಲ್ಲೆಯೊಂದರಿಂದ ರಾತ್ರಿಯೆಲ್ಲ ಸೋರಿದ ಅನಿಲ, ಗಾಳಿಗಿಂತ ಭಾರವಾದದ್ದು, ಬೆಂಕಿಯನ್ನೂ ಉಸಿರನ್ನೂ ಅಡಗಿಸುವಂಥದ್ದು, ಹೊರಹೋಗಲು ಕಂಡಿಯಿಲ್ಲದೆ ನೆಲದಿಂದ ಏರುತ್ತ ಬಂದು ಅಲ್ಲಿ ನಿಂತಿತ್ತು. ದೆಶುನ್ ಆ ಮೆಟ್ಟಿಲನ್ನು ನೋಡಿದ, ಆಮೇಲೆ ತನ್ನ ಎತ್ತರವನ್ನು ಮನಸ್ಸಿನಲ್ಲೇ ಅದರ ಪಕ್ಕ ನಿಲ್ಲಿಸಿ ನೋಡಿದ. ಬಗ್ಗಿ ಪೀಪಾಯಿಯ ಹಿಡಿಗೆ ಕೈಹಾಕಿದ್ದರೆ ಅವನ ತಲೆ ಎಲ್ಲಿರುತ್ತಿತ್ತೆಂಬುದು ಯಾರೂ ಹೇಳದೆ ಎಲ್ಲರಿಗೂ ತಿಳಿಯಿತು.

"ಮಿನ್ ಅಮ್ಮ," ಎಂದ. ದಾರವನ್ನು ಅವಳ ಕೈಗೆ ಮರಳಿ ಕೊಟ್ಟ.

"ಹೋಗು. ಕೆಳಗಿನ ಓಣಿಗೆ ಹೋಗಿ ರಜಾಯಿ ಎಳಿ. ದೂರ ನಿಂತು, ಕೊಕ್ಕೆಯಿಂದ."

ಅವನು ಓಡಿದ. ಶೂಫೆನ್ ನೆಲಮಾಳಿಗೆಯ ಬಾಯಿಯ ಅಂಚಿನಲ್ಲಿ ಬೋರಲಾಗಿ ಮಲಗಿ, ಮುಖವನ್ನು ಹೊರಗಿರಿಸಿ, ಕೈಯನ್ನಷ್ಟೇ ಚಾಚಿ ಮತ್ತೆ ಹಚ್ಚಿದ ದೀಪ ಬಿಟ್ಟಳು. ಕೆಳಗಿನಿಂದ ಒದ್ದೆ ಬಟ್ಟೆ ಕಲ್ಲಿಗೆ ಉಜ್ಜಿದ ಸದ್ದು ಬಂತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಜ್ವಾಲೆ ಮೊದಲು ಆರಿದ್ದ ಮೆಟ್ಟಿಲನ್ನು ದಾಟಿತು. ಇನ್ನೂ ಒಂದು ಮೆಟ್ಟಿಲು ಇಳಿಯಿತು.

ಅಂಗಡಿಯ ಮೇಜುಗಳಿಂದ ಒಬ್ಬೊಬ್ಬರಾಗಿ ಎದ್ದು ಬಂದವರು ಬಾಯಿಯ ಸುತ್ತ ನಿಂತಿದ್ದರು. ಯಾರೂ ಬಿಯರ್ ಕೇಳಲಿಲ್ಲ. ಇವರೆಲ್ಲ ಹುಟ್ಟಿದಾಗಿನಿಂದ ಕಡಲಿನ ಇಳಿತ ನೋಡಿದವರು; ಕಣ್ಣಿಗೆ ಕಾಣದ ನೀರಿನ ಇಳಿತವನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ಮೇಲಿನ ಸಾಲಿನ ಪೀಪಾಯಿಗಳ ಭುಜಗಳು ಬೆಳಕಿಗೆ ಬಂದವು, ಬಂಡೆಗಳಂತೆ, ಒದ್ದೆಯಾಗಿ ಹೊಳೆಯುತ್ತ.

"ಕೆಳಗೆ ಯಾರಿದಾರಮ್ಮಾ?" ಎಂದು ಗೊಂಗ್ ಮುದುಕ ಮೆಲ್ಲಗೆ ಕೇಳಿದ. ಅವನು ಟೋಪಿ ತೆಗೆದಿದ್ದ.

ಶೂಫೆನ್ ದಾರವನ್ನು ಇನ್ನೊಂದು ಗೇಣು ಬಿಟ್ಟಳು. ದೀಪ ಆರಿತು. ಬತ್ತಿಯಿಂದ ಹೊರಟ ಹೊಗೆ ಮೇಲೇರಲಿಲ್ಲ. ಅದು ಅಲ್ಲಿಯೇ ಹರಡಿತು, ಮುಂಜಾವದ ಕೆರೆಯ ಮೇಲಿನ ಮಂಜಿನಂತೆ ತೆಳ್ಳಗೆ, ಸಮತಟ್ಟಾಗಿ. ಆ ಬಿಳಿಯ ಹಾಳೆ ಒಂದಿಷ್ಟು ಹೊತ್ತು ಅಲುಗದೆ ಮಲಗಿತ್ತು. ಆಮೇಲೆ ಪೀಪಾಯಿಗಳ ನಡುವಿನ ಕಿರುದಾರಿಯಲ್ಲಿ, ಯಾರ ಅವಸರವೂ ಇಲ್ಲದೆ, ಹಿಂಗೋಡೆಯ ಕಂಡಿಯ ಬೆಳಕಿನತ್ತ ಸರಿಯತೊಡಗಿತು.