ಟೋಪಿ ತೆಗೆದರೆ ಎಡಕ್ಕೆ

ಪುಳಿಯೋಗರೆಯ ವಾಸನೆ, ಅಡಿಲೇಡಿನ ಈ ಮೈದಾನದಲ್ಲಿ, ಸಾಸೇಜ್ ಸುಡುವ ಹೊಗೆಯನ್ನೂ ಸಮುದ್ರದ ಕಡೆಯ ಗಾಳಿಯನ್ನೂ ದಾಟಿಕೊಂಡು ಬಂದು ನನ್ನ ಮೂಗಿಗೇ ಹೊಡೆಯಬೇಕೆ, ಇಂದುಮತಿ ಡಬ್ಬಿ ತೆರೆದಿರಬೇಕು, ಪೆನಾಲ್ಟಿ ನಡೆಯುವಾಗ ತಿನ್ನುವವಳು ಲೋಕದಲ್ಲಿ ಅವಳೊಬ್ಬಳೇ, ಗಾಬರಿಯಾದರೆ ಅವಳ ಕೈ ಡಬ್ಬಿ ಹುಡುಕುತ್ತದೆ, ಬೆಳಿಗ್ಗೆ ಗೇಟಿನ ಹತ್ತಿರ ನನಗೂ ಒಂದು ಕೊಟ್ಟಳು, ತಗೊಳೇ ಸುಮತಿ, ಸೋತ್ರೂ ಹೊಟ್ಟೆ ತುಂಬಿರ್ಲಿ ಅಂತ, ಬ್ರಿಸ್ಬೇನ್‌ನಿಂದ ವಿಮಾನದಲ್ಲಿ ಹೊತ್ತು ತಂದಿದ್ದಾಳೆ, ಸೋಲೋಕೆ ಪರ್ತ್‌ನಿಂದ ಮೂರು ಗಂಟೆ ಹಾರ್ಕೊಂಡು ಬಂದಿಲ್ಲ ಕಣೆ ಅಂದೆ, ಅವಳು ನಕ್ಕಳು, ನಾನು ನಗಲಿಲ್ಲ. ನಮ್ಮ ಐದನೆಯ ಹುಡುಗಿ ಗೋಲು ಹೊಡೆದು ವಾಪಸು ಓಡಿಬರುತ್ತಿದ್ದಾಳೆ, ನಮ್ಮ ಐದು ಹೊಡೆತವೂ ಮುಗಿಯಿತು, ನಾಲ್ಕು ಗೋಲು, ಬ್ರಿಸ್ಬೇನ್ ಕಾಲೇಜಿನವರದು ನಾಲ್ಕು ಹೊಡೆತಕ್ಕೆ ಮೂರು, ಉಳಿದದ್ದು ಒಂದೇ, ಅದು ಒಳಗೆ ಹೋದರೆ ಸಮ, ಮತ್ತೆ ಜಗ್ಗಾಟ, ನಮ್ಮ ಗೋಲ್‌ಕೀಪರ್ ಸೆಲಿನ್ ತಡೆದರೆ ಕಪ್ ಈ ಕ್ಷಣಕ್ಕೇ ನಮ್ಮದು, ಪರ್ತ್‌ನಲ್ಲಿ ಎಂಟು ವರ್ಷಕ್ಕೆ ನನ್ನ ನಾಲ್ಕನೆಯದು — ಮತ್ತು ಆ ಕೊನೆಯ ಹೊಡೆತಕ್ಕೆ ಮಧ್ಯಗೆರೆಯಿಂದ ನಡೆದು ಬರುತ್ತಿರುವವಳು ಅದಿತಿ, ಇಂದುಮತಿಯ ಮಗಳು, ಚೆಂಡು ಒದೆಯುವುದನ್ನು ನಾನೇ ಕಲಿಸಿದ ಹುಡುಗಿ.

ನಿಧಾನವಾಗಿ ಬರುತ್ತಿದ್ದಾಳೆ, ಆ ನಡಿಗೆಯೂ ನಾನು ಹೇಳಿಕೊಟ್ಟದ್ದೇ, ಪೆನಾಲ್ಟಿಗೆ ಓಡಬಾರದು, ಅಂಗಡಿಗೆ ಹಾಲು ತರಲು ಹೋಗುವವಳ ಹಾಗೆ ಹೋಗಬೇಕು ಅಂತ, ಬ್ರಿಸ್ಬೇನ್ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಕೆರೆ ಪಕ್ಕದ ಪಾರ್ಕಿನಲ್ಲಿ, ಹದಿನೈದು ವರ್ಷವಾಯಿತು, ರಮಾಕಾಂತನ ವೀಸಾದ ಬಾಲ ಹಿಡಿದು ಬಂದ ಹೆಂಡತಿ ನಾನು, ಕರ್ನಾಟಕ ತಂಡಕ್ಕೆ ಆಡಿದ್ದೇನೆ ಅಂದರೆ ಓ ನೈಸ್ ಅನ್ನುವರು, ಮರುಕ್ಷಣವೇ ನಿಮ್ಮ ಹಸ್ಬೆಂಡ್ ಎಲ್ಲಿ ಕೆಲಸ ಮಾಡ್ತಾರೆ ಅನ್ನುವರು, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅಂತ ಒಂದು ಭಾನುವಾರ ಅಕ್ಕಪಕ್ಕದ ಮಕ್ಕಳ ಮಧ್ಯೆ ಚೆಂಡು ಬಿಟ್ಟೆ, ಅದರಲ್ಲಿ ಎಲ್ಲರಿಗಿಂತ ಚಿಕ್ಕವಳು ಆರು ವರ್ಷದ ಅದಿತಿ, ಸ್ಕೂಲ್ ಶೂ, ಎರಡು ಜಡೆ, ನಾನು ಕನ್ನಡದಲ್ಲಿ ಕೂಗಿದರೆ ಇಂಗ್ಲಿಷಿನಲ್ಲಿ ಉತ್ತರ, ಐ ಆ್ಯಮ್ ಟ್ರೈಯಿಂಗ್ ಆಂಟಿ, ಒಂದು ಮಾತು ಎರಡು ಸಲ ಹೇಳಿಸಿಕೊಂಡವಳಲ್ಲ. ಆಮೇಲೆ ಬ್ರಿಸ್ಬೇನ್‌ನ ಕಾಲೇಜು ತಂಡದಲ್ಲಿ ಅಸಿಸ್ಟೆಂಟ್ ಕೋಚ್ ಕೆಲಸ ಸಿಕ್ಕಿತು, ಅಸಿಸ್ಟೆಂಟ್ ಅಂದರೆ ಅಭ್ಯಾಸಕ್ಕೆ ಪ್ಲಾಸ್ಟಿಕ್ ಕೋನ್ ಜೋಡಿಸುವವಳು ಅಂದುಕೊಂಡಿದ್ದ ಅಲ್ಲಿನ ಹೆಡ್ ಕೋಚ್, ಅಂದುಕೊಳ್ಳಲಿ, ನಾನು ಕೋನ್ ಜೋಡಿಸುತ್ತಲೇ ನೋಡುತ್ತಿದ್ದೆ, ಎದುರಾಳಿಗಳ ಪಾದ, ಭುಜ, ಕತ್ತು, ಹೊಡೆಯುವ ಮೊದಲು ಯಾರ ಮೈ ಏನು ಬಾಯಿಬಿಡುತ್ತದೆ ಅಂತ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ, ಎರಡು ವರ್ಷಕ್ಕೆ ಆ ಹೆಡ್ ಕೋಚೇ ಆ ನೋಟ್‌ಬುಕ್ ಕೇಳಿಕೊಂಡು ಬಂದ. ಅಷ್ಟೂ ದಿನ ಬೆಳಗಿನ ಐದೂವರೆಗೆ ನನ್ನನ್ನು ಸ್ಟೇಷನ್ನಿಗೆ ಬಿಟ್ಟವಳು ಇಂದುಮತಿ, ನನಗಾಗ ಡ್ರೈವಿಂಗ್ ಬರುತ್ತಿರಲಿಲ್ಲ, ನೈಟಿಯ ಮೇಲೆ ಕೋಟು ಹಾಕಿಕೊಂಡು ಕಾರು ತೆಗೆಯುವಳು, ಡ್ಯಾಶ್‌ಬೋರ್ಡಿನ ಮೇಲೆ ನನಗೊಂದು ಡಬ್ಬಿ, ರೈಲಲ್ಲಿ ತಿನ್ನೆ, ಮುಜುಗರ ಗಿಜುಗರ ಬೇಡ, ಯಾರೂ ನೋಡಲ್ಲ. ಆರು ವರ್ಷ ಅವಳ ಡಬ್ಬಿ ತಿಂದಿದ್ದೇನೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ, ಗೊತ್ತಿದೆ.

ಗೊತ್ತಿದ್ದೂ ಬಗೆದೆ, ಈಗಲ್ಲ, ಎಂಟು ವರ್ಷದ ಹಿಂದೆಯೇ, ಅದನ್ನು ಒಪ್ಪಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ — ಇದೆ, ಸ್ವಲ್ಪ ಇದೆ. ಪರ್ತ್‌ನ ಬೆಂಟ್ಲಿಯ ಈ ಕಾಲೇಜು ಹೆಡ್ ಕೋಚ್ ಆಗಿ ಕರೆಯಿತು, ರಮಾಕಾಂತ್ ಗೊಣಗುತ್ತಲೇ ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆ ಬಂದ, ಈ ಸಲ ಬಾಲ ಹಿಡಿಯೋ ಸರದಿ ನಂದು ಅಂತ, ಹೊರಡುವ ಮುಂಚಿನ ವಾರ ಪಾರ್ಕಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಅವರವರ ಗುಟ್ಟು ಅವರವರಿಗೆ ಹೇಳಿದೆ, ನೀನು ಎಡಕ್ಕೆ ಹೊಡಿಯೋ ಮುಂಚೆ ತುಟಿ ಕಚ್ತೀಯ, ನೀನು ಗೋಲಿನ ಮೂಲೆ ನೋಡ್ತೀಯ, ಬಿಟ್ಟುಬಿಡಿ ಅಂತ, ಅದಿತಿಗೆ ಮಾತ್ರ ಹೇಳಲಿಲ್ಲ. ಅವಳದು ಅಂಗಿಯ ತೋಳು. ತನ್ನ ಬಲಗಡೆಯ ಮೂಲೆಗೆ ಹೊಡೆಯುವುದಿದ್ದರೆ ಎಡಗೈಯ ಎರಡು ಬೆರಳಿನಿಂದ ಬಲತೋಳಿನ ಅಂಚನ್ನು ಚಿವುಟಿ ಹಿಡಿಯುತ್ತಾಳೆ, ಎಡಕ್ಕಾದರೆ ಕೈ ಸುಮ್ಮನೆ ಜೋತುಬಿದ್ದಿರುತ್ತದೆ, ಒಂದು ಸಲವೂ ತಪ್ಪಿದ್ದಿಲ್ಲ, ಆಗ ಹದಿಮೂರು ಅವಳಿಗೆ, ಬ್ರಿಸ್ಬೇನ್‌ನಲ್ಲಿ ಆಗಲೇ ಎಲ್ಲರ ಕಣ್ಣೂ ಅವಳ ಮೇಲೆ, ಒಂದಲ್ಲ ಒಂದು ದಿನ ನನ್ನೆದುರಿಗೆ ನಿಲ್ಲುತ್ತಾಳೆ ಅಂತ ಲೆಕ್ಕ ಹಾಕಿದೆ, ಯಾವತ್ತಾದರೂ ಬೇಕಾಗಬಹುದು ಅಂತ ಇಟ್ಟುಕೊಂಡೆ, ಹದಿಮೂರು ವರ್ಷದ ಮಗುವಿನ ವಿಷಯದಲ್ಲಿ. ವೈ ಡು ಯು ಆಲ್ವೇಸ್ ಲುಕ್ ಅಟ್ ಮೈ ಹ್ಯಾಂಡ್ಸ್ ಆಂಟಿ ಅಂದಿದ್ದಳು ಒಮ್ಮೆ, ಉಗುರು ಬೆಳೆದಿದೆ, ಅಮ್ಮಂಗೆ ಹೇಳಿ ಕತ್ತರಿಸ್ಕೊ ಅಂದೆ, ಹೋಗಿ ಕತ್ತರಿಸಿಕೊಂಡು ಬಂದಳು.

ಇವತ್ತು ಮೊದಲರ್ಧದಲ್ಲಿ ಸರಿಯಾಗಿ ಮುಖಕ್ಕೆ ಹೊಡೆದಳು ನನಗೆ. ನನ್ನ ತಂಡದ ಹುಡುಗಿಯರು ಎಲ್ಲೆಲ್ಲಿಯವರೋ, ಸುಡಾನಿನವರು, ವಿಯೆಟ್ನಾಮಿನವರು, ಗೋಧಿ ಹೊಲದ ಊರುಗಳ ಬಿಳಿ ಹುಡುಗಿಯರು, ಎಲ್ಲರಿಗೂ ನಾಲ್ಕು ಕನ್ನಡ ಶಬ್ದ ಕಲಿಸಿಟ್ಟಿದ್ದೇನೆ, ಹಿಂದೆ, ಮುಂದೆ, ತಡಿ, ಈಗ, ಎಂಟು ವರ್ಷ ಪಕ್ಕದಿಂದ ನಾನು ಕನ್ನಡದಲ್ಲಿ ಕೂಗುವುದು, ಎದುರಾಳಿಗಳು ಬಾಯಿ ಬಿಟ್ಟುಕೊಂಡು ನೋಡುವುದು, ಇವತ್ತು ಎಂದಿನಂತೆ ಈಗ ಅಂತ ಕೂಗಿದೆ, ನಮ್ಮವರಿಗಿಂತ ಮೊದಲು ಅದಿತಿ ಓಡಿದಳು, ಚೆಂಡು ಕಸಿದಳು, ಗೋಲು, ಹೋಗುವಾಗ ನನ್ನ ಕಡೆ ತಿರುಗಿ ಒಂದು ಸಣ್ಣ ನಗು, ಪಾರ್ಕಿನದೇ ನಗು. ನಾನು ಎಂಥ ಪೆದ್ದಿ, ಆ ಶಬ್ದಗಳನ್ನು ಮೊದಲು ಕೇಳಿದ ಕಿವಿಯೇ ಅದು. ಎರಡನೆಯ ಅರ್ಧ ಬಾಯಿ ಹೊಲಿದುಕೊಂಡು ಕೈಸನ್ನೆಯಲ್ಲೇ ಆಡಿಸಿದೆ, ಗೋಲು ತೀರಿಸಿದೆವು, ಒಂದು ಒಂದು, ಪೆನಾಲ್ಟಿಗೆ ಮೊದಲು ಸೆಲಿನ್ ಗ್ಲೌಸ್ ಬಿಗಿದುಕೊಳ್ಳುತ್ತ ಬಂದಳು, ಉಡುಪಿ ಕಡೆಯ ಹುಡುಗಿ, ದುಬೈಯಲ್ಲಿ ಬೆಳೆದವಳು, ಬೆಂಟ್ಲಿಯಲ್ಲಿ ಐದು ಜನರ ಬಾಡಿಗೆ ಮನೆ, ಮೋರ್ಲಿಯ ಅಂಗಡಿಯಲ್ಲಿ ಎಂಟು ಗಂಟೆ ನಿಂತು ಆಮೇಲೆ ಬಸ್ಸು ಹಿಡಿದು ಪ್ರಾಕ್ಟೀಸಿಗೆ ಬರುವವಳು, ಇದು ಅವಳ ಕೊನೆಯ ವರ್ಷ, ಒಂದು ದಿನವೂ ತಪ್ಪಿಸಿಲ್ಲ, ಕೋಚ್, ನೀವು ಅವರನ್ನು ನೋಡಿ, ನಾನು ನಿಮ್ಮನ್ನು ನೋಡ್ತೇನೆ, ಈ ಆರ್ವೋನೇ, ಈ ಮಧ್ಯಾಹ್ನವೇ ಮುಗಿಸುವ ಅಂದಳು. ಟೋಪಿ ತೆಗೆದರೆ ಎಡಕ್ಕೆ ಹಾರು, ತಲೆಯ ಮೇಲೇ ಇದ್ದರೆ ಬಲಕ್ಕೆ ಅಂದೆ, ಅಷ್ಟೇ. ಹಾಗಾಗಿ ಸುಮ್ಮನಿರುವ ಹಾಗೂ ಇಲ್ಲ ನಾನು, ಸುಮ್ಮನಿದ್ದರೆ ಅದೂ ಒಂದು ಸನ್ನೆಯೇ, ಅದಿತಿಯ ಬಲ ಅಂದರೆ ಸೆಲಿನ್‌ಳ ಎಡ, ಟೋಪಿ ಮುಟ್ಟದೆ ನಿಂತೆನೆಂದರೆ ಸೆಲಿನ್‌ಳನ್ನು ಬೇಕೆಂದೇ ತಪ್ಪು ಕಡೆಗೆ ಕಳಿಸಿದ ಹಾಗೆ, ನನ್ನನ್ನೇ ನಂಬಿ ನಿಂತವಳನ್ನು, ಅದಾಗುವುದಿಲ್ಲ, ಅದು ನನ್ನಿಂದ ಆಗುವುದಿಲ್ಲ.

ಅದಿತಿ ಚೆಂಡು ಇಟ್ಟಳು. ಹಿಂದಕ್ಕೆ ಐದು ಹೆಜ್ಜೆ, ಸರಿಯಾಗಿ ಐದು. ಮೇಲೆ ಗ್ಯಾಲರಿಯಲ್ಲಿ ಇಂದುಮತಿ ಎದ್ದು ನಿಂತಿದ್ದಾಳೆ, ಡಬ್ಬಿ ಎದೆಗೆ ಒತ್ತಿಕೊಂಡು, ಮಗಳನ್ನೂ ನೋಡುತ್ತಾಳೆ, ನನ್ನನ್ನೂ ನೋಡುತ್ತಾಳೆ, ಹೋದ ವಾರ ಫೋನಿನಲ್ಲಿ, ಇಲ್ಲಿ ಚೆನ್ನಾಗಿ ಆಡಿದ್ರೆ ನ್ಯಾಷನಲ್ ಕ್ಯಾಂಪಿಗೆ ಕರೀತಾರಂತೆ ಕಣೆ, ಎಲ್ಲಾ ನೀನು ಹಾಕಿದ ಬುನಾದಿ, ಅಂದಿದ್ದಳು, ಹೌದು ಇಂದು, ಎಲ್ಲಾ ನಾನೇ ಹಾಕಿದ್ದು, ಅದಿತಿಯ ಕೈ ಜೋತುಬಿದ್ದಿದೆ, ಹಾಗೇ ಇರಲಿ, ದೇವರೇ ಇವತ್ತೊಂದು ದಿನ ಆ ಕೈ ಹಾಗೇ ಇರಲಿ, ಎಡಕ್ಕೆ ಹೊಡಿ, ಟೋಪಿ ತಲೆಯ ಮೇಲೇ ಇರುತ್ತದೆ, ಎಲ್ಲರೂ ಸಾಚಾ — ಎದ್ದಿತು. ಎಡಗೈ. ಎರಡು ಬೆರಳು, ಬಲತೋಳಿನ ಅಂಚು, ಐವತ್ತು ಗಜ ದೂರದಿಂದ ಯಾರಿಗೂ ಕಾಣದು, ನನಗೆ ಕಾಣುತ್ತದೆ. ಸೆಲಿನ್ ಈ ಕಡೆ ತಿರುಗಿದಳು. ಗೆಲ್ಲಲು ಬಂದವಳು ನಾನು, ಕೋನ್ ಜೋಡಿಸಿದವಳು, ಬಾಲ ಹಿಡಿದು ಬಂದವಳು, ಯಾರ ಮುಂದೆಯೂ ಕೈಯೊಡ್ಡದೆ ಇಷ್ಟು ದೂರ ನಡೆದವಳು, ಪುಳಿಯೋಗರೆಗೆ ಪುಳಿಯೋಗರೆಯ ಋಣ, ಆಟಕ್ಕೆ ಆಟದ್ದು, ತೆಗೆದೆ, ಟೋಪಿ ತೆಗೆದೆ, ಗಾಳಿ ತಣ್ಣಗೆ ನೆತ್ತಿಗೆ ಬಡಿಯಿತು, ಸೆಲಿನ್ ನೋಡಿದಳು, ಕಣ್ಣು ಮುಚ್ಚಿ ತೆರೆದಳು, ತಿಳಿಯಿತು ಅಂತ, ಮುಗಿಯಿತು, ಇನ್ನು ಟೋಪಿ ಮತ್ತೆ ಹಾಕಿಕೊಂಡರೂ ಆಗುವುದೇನಿಲ್ಲ — ಮತ್ತೆ ಈಗ, ಈಗ ಯಾಕೆ ಇದು, ಕೆರೆಯ ಪಕ್ಕ, ಅವಳ ಮೊಟ್ಟಮೊದಲ ಪೆನಾಲ್ಟಿ, ದೊಡ್ಡ ಹುಡುಗರೆಲ್ಲ ಸುತ್ತ ನಿಂತು ನಗುತ್ತಿದ್ದಾರೆ, ಆರು ವರ್ಷದವಳು ನನ್ನ ಜಾಕೆಟ್ಟಿನ ತೋಳು ಹಿಡಿದುಕೊಂಡಿದ್ದಾಳೆ, ಅಂಚು ಮಾತ್ರ, ಎರಡೇ ಬೆರಳಿನಲ್ಲಿ, ಡೋಂಟ್ ಗೋ ಆಂಟಿ, ನಾನು ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿದೆ, ಅವಳದೇ ತೋಳಿನ ಅಂಚಿಗೆ ಹಿಡಿಸಿದೆ, ಇದನ್ನ ಹಿಡ್ಕೊ ಪುಟ್ಟಾ, ನಾನೇ ಪಕ್ಕದಲ್ಲಿ ಇದ್ದೀನಿ ಅಂದ್ಕೊ, ಬಲಗಡೆ ಮೂಲೆಗೆ ಹೊಡಿ ಅಂದೆ, ಹೊಡೆದಳು, ಗೋಲು, ನೋಟ್‌ಬುಕ್ಕಿನಲ್ಲಿ ಬೆರಳನ್ನು ಬರೆದೆ, ಅದು ಎಲ್ಲಿಂದ ಬಂತೆಂದು ಬರೆಯಲಿಲ್ಲ, ಅದಿತಿ ಅಂತ ಕೂಗಲೇ, ಕನ್ನಡದಲ್ಲೇ ಕೂಗಿದರೂ ತಿಳಿಯುತ್ತದೆ ಅವಳಿಗೆ, ಸೀಟಿ ಊದಿದರು, ಓಡಿದಳು, ಇನ್ನೂ ಬಿಟ್ಟಿಲ್ಲ, ಓಡುತ್ತಲೂ ಬಿಟ್ಟಿಲ್ಲ, ಎರಡು ಬೆರಳು, ತೋಳಿನ ಅಂಚು, ಎರಡು ಬೆರಳು