ನಿದ್ದೆಯ ಲಾಗ್‌ಬುಕ್

ಪಂಪ್‌ಹೌಸಿನ ಆಪರೇಟರ್‌ಗೆ ಎಂಟು ತಿಂಗಳಿಂದ ಎಡಗಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಕೆಲಸದ ಹೊತ್ತಿನಲ್ಲಿ ಮೋಟಾರುಗಳ ಗದ್ದಲ ಅದನ್ನು ಮುಚ್ಚಿಹಾಕುತ್ತಿತ್ತು. ದಿಂಬಿಗೆ ತಲೆ ಕೊಟ್ಟರೆ ಸಾಕು, ಯಾರೋ ಸ್ವಿಚ್ ಒತ್ತಿದ ಹಾಗೆ ಶುರು. ನಿದ್ದೆಗೆಟ್ಟ ಮನುಷ್ಯ ಒಂದು ದಿನ ಪ್ಯಾನೆಲ್ ಮುಂದೆ ನಿಂತಲ್ಲೇ ತೂಕಡಿಸಿದ, ಟ್ಯಾಂಕ್ ತುಂಬಿ ಹರಿಯಿತು.

"ನಿದ್ದೆ ಸರಿಹೋಗಿದೆ ಅಂತ ಡಾಕ್ಟರ ಹತ್ರ ಚೀಟಿ ಬರೆಸ್ಕೊಂಡು ಬನ್ನಿ, ಆಮೇಲೆ ಪಂಪ್ ಮುಟ್ಟಿ" ಎಂದು ಇಂಜಿನಿಯರ್ ಮನೆಗೆ ಕಳಿಸಿದರು.

ಕಿವಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಸದ್ದಿಗೆ ಮಾತ್ರೆಯಿಲ್ಲ ಎಂದು ಮಹಡಿಯಲ್ಲಿದ್ದ ಮನಶ್ಶಾಸ್ತ್ರಜ್ಞೆಯ ಹತ್ತಿರ ಅಟ್ಟಿದರು. ಆಕೆ ಒಂದು ಹಾಳೆ ಕೊಟ್ಟು, ಎಷ್ಟು ಹೊತ್ತು ನಿದ್ದೆ, ಎಷ್ಟು ಹೊತ್ತು ಎಚ್ಚರ ಎಂದು ತುಂಬಿ ತರಲು ಹೇಳಿದರು.

ವಾರದ ಮೇಲೆ ಆಪರೇಟರ್ ಹೆಂಡತಿಯ ಜೊತೆ ಬಂದು ಹಾಳೆಯನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ಹನ್ನೊಂದಕ್ಕೆ ಎಚ್ಚರ. ಹನ್ನೆರಡಕ್ಕೆ ಎಚ್ಚರ. ಒಂದಕ್ಕೆ ನಿದ್ದೆ. ಎರಡಕ್ಕೆ ನಿದ್ದೆ.

"ಒಂದು ಗಂಟೆಗೆ ನಿದ್ದೆ ಇತ್ತು ಅಂತ ಹೇಗೆ ಗೊತ್ತಾಯ್ತು?"

"ಎದ್ದು ನೋಡ್ದೆ ಮೇಡಂ."

"ಗಂಟೆಗೊಂದು ಅಲಾರಾಂ ಇಟ್ಟಿದಾರೆ!" ಹೆಂಡತಿ ತಡೆಯಲಾರದೆ ಬಾಯಿ ಹಾಕಿದಳು. "ಇವರ ಕಿವೀಲಿ ಗುಂಯ್, ನನ್ನ ಕಿವೀಲಿ ಟ್ರಿಣ್. ನನಗೂ ಒಂದು ಹಾಳೆ ಕೊಟ್ಬಿಡಿ."

"ಪಂಪ್‌ಹೌಸಲ್ಲಿ ಗಂಟೆಗೊಂದು ರೀಡಿಂಗ್ ಬರೀಬೇಕು. ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪಿಸಿಲ್ಲ."

ಮನಶ್ಶಾಸ್ತ್ರಜ್ಞೆ ನಗು ನುಂಗಿಕೊಂಡರು. "ಗಡಿಯಾರ ನೋಡ್ಲೇಬೇಡಿ. ಬೆಳಿಗ್ಗೆ ಎದ್ದು ಅಂದಾಜಿಗೆ ಬರೀರಿ. ಕಣ್ಣು ಎಳೆಯೋವಾಗ ಮಾತ್ರ ಹಾಸಿಗೆಗೆ ಹೋಗಿ. ನಿದ್ದೆ ಬರ್ಲಿಲ್ವಾ, ಎದ್ದು ಹೊರಗೆ ಕೂತ್ಕೊಳ್ಳಿ. ಕಿವಿ ಸದ್ದು ಮುಚ್ಚೋಕೆ ಫ್ಯಾನ್ ಸದ್ದು ಇರಲಿ."

"ಅಂದಾಜಿಗೆ ಬರೆದ್ರೆ ಮೆಮೋ ಕೊಡ್ತಾರೆ ಮೇಡಂ. ಅದಿರಲಿ, ಸದ್ದು ಯಾವಾಗ ನಿಲ್ಲುತ್ತೆ?"

"ನಿಲ್ಲದೇ ಇರಬಹುದು. ನಾವು ರಿಪೇರಿ ಮಾಡ್ತಿರೋದು ಸದ್ದನ್ನಲ್ಲ, ಅದನ್ನ ಕಾಯೋ ಅಭ್ಯಾಸಾನ."

ಆಪರೇಟರ್‌ಗೆ ತಲೆಬುಡ ತಿಳಿಯಲಿಲ್ಲ. ಸದ್ದು ಬಂದರೆ ಕಿವಿಗೊಡು, ಅದೇ ಕೆಲಸ ಎಂದು ಬದುಕಿದವನು ಆತ. ಆದರೂ ಚೀಟಿಯ ಆಸೆಗೆ ಹೇಳಿದ್ದನ್ನೆಲ್ಲ ಮಾಡಿದ. ಮೊದಲೆರಡು ವಾರ ಹಗಲೆಲ್ಲ ತೂಕಡಿಕೆ, ಹೆಂಡತಿ ಮೇಲೆ ಸಿಡಿಮಿಡಿ.

ಆರನೇ ವಾರ ಹಾಳೆಯನ್ನು ಮಗುಚಿ ಇಟ್ಟು ತಲೆ ತಗ್ಗಿಸಿ ಕೂತ. "ಈ ವಾರ ಸರಿಯಾಗಿ ಬರೆದಿಲ್ಲ ಮೇಡಂ."

ಮನಶ್ಶಾಸ್ತ್ರಜ್ಞೆ ತಿರುಗಿಸಿ ನೋಡಿದರು. ಮಲಗಿದ್ದು ಹನ್ನೊಂದೂವರೆ ಇರಬಹುದು, ಆಮೇಲೆ ಗೊತ್ತಿಲ್ಲ. ಮರುದಿನವೂ ಗೊತ್ತಿಲ್ಲ. ಏಳರಲ್ಲಿ ಐದು ದಿನ ಅದೇ. ಬೈಗುಳಕ್ಕೆ ಕಾದಿದ್ದವನ ಎದುರೇ ಆಕೆ ಚೀಟಿ ಬರೆಯತೊಡಗಿದರು.

ಮರುದಿನ ಬೆಳಿಗ್ಗೆ ಇಂಜಿನಿಯರ್ ಚೀಟಿ ಓದಿ ಕೇಳಿದರು, "ಸದ್ದು ನಿಂತಿತಾ?"

"ಇಲ್ಲ ಸಾರ್. ಈಗ್ಲೂ ಇದೆ."

"ಮತ್ತೆ ನಿದ್ದೆ?"

"ಬರ್ತಿದೆ."

"ಅದ್ಹೇಗ್ರೀ?"

ಆಪರೇಟರ್ ತಲೆ ಕೆರೆದುಕೊಂಡ. ಇಂಜಿನಿಯರ್ ಇನ್ನೊಮ್ಮೆ ಚೀಟಿ ಓದಿ, ತಾವೂ ತಲೆ ಕೆರೆದುಕೊಂಡು, ಪ್ಯಾನೆಲ್ ಕೀ ಕೈಗಿಟ್ಟರು. ಹತ್ತು ಗಂಟೆಯಾಗಿತ್ತು. ಆತ ಮೀಟರಿಗೆ ಬಗ್ಗಿ, ಮುಳ್ಳು ನಿಂತ ಕಡೆ ನೋಡಿ, ಅಂದಾಜು ಮಾಡದೆ ಇದ್ದದ್ದನ್ನೇ ಲಾಗ್‌ಬುಕ್ಕಿಗೆ ಬರೆದ.