ಬೆಕ್ಕಿನ ಬಿಡಾರ

ಬೆಕ್ಕೇ ಇಲ್ಲದ ಮನೆಗೆ ‘ಬೆಕ್ಕಿನ ಬಿಡಾರ’ ಅಂತ ಹೆಸರಿಟ್ಟು, ಆ ಹೆಸರಿನಿಂದಲೇ ಎಲ್ಲೆಲ್ಲಿಯ ಜನರನ್ನೋ ಎಳೆದು ತಂದ ಗಟ್ಟಿಗಿತ್ತಿ ಅವಳು. ಬೀದಿಯವರಿಗೆಲ್ಲ ಅವಳು ಬಿಡಾರದಮ್ಮ. ಕೆಳಗೆ ಅವಳು ಮತ್ತು ಮಗಳು ಚೂಟಿ, ಮಹಡಿಯ ಮೇಲೆ ರಜೆಗೆಂದು ಬಂದು ಎರಡು ದಿನ ಇದ್ದು ಹೋಗುವವರು. “ಬೆಕ್ಕೆಲ್ಲಿ?” ಅಂತ ಕೇಳದವರಿಲ್ಲ. “ಅದೂ ರಜೆಗೆ ಹೋಗಿದೆ” ಅಂತ ಚೂಟಿ ಮುಖ ಗಂಟಿಕ್ಕಿಕೊಂಡು ಹೇಳುತ್ತಿದ್ದಳು. ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹೋದ ಮೇಲೆ ಅದನ್ನೇ ಮೆಚ್ಚಿ ಬರೆಯುತ್ತಿದ್ದರು.

ಮೊದಲು ಇಟ್ಟ ಹೆಸರು ‘ಸುಖ ನಿವಾಸ’. ಪ್ರಪಂಚದ ತುಂಬ ಸುಖ ನಿವಾಸಗಳೇ ಇದ್ದವು, ಇವಳದ್ದನ್ನು ಕೇಳುವವರಿಲ್ಲ. ಒಗೆದ ಹಾಸುಗಳನ್ನು ಮಡಚಿಟ್ಟು ನೊಣ ಹೊಡೆಯುತ್ತ ಕೂತಿದ್ದಳು. ಆ ಹಾಸುಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವ ಪಕ್ಕದ ಲಾಂಡ್ರಿ ಅಕ್ಕನೇ ಒಂದು ದಿನ ತಡೆಯಲಾರದೆ ಬೈದಳು: “ಸುಖ ನಿವಾಸ ಅಂತೆ! ಆಸ್ಪತ್ರೆ ಹೆಸರಿದ್ದ ಹಾಗಿದೆ ಕಣೇ. ಕೇಳಿದವರು ಹಾಂ ಅಂತ ತಿರುಗಿ ನೋಡಬೇಕು, ಅಂಥದ್ದು ಹೇಳು.”

ಆಗ ಬಾಯಿಂದ ಜಾರಿತು ನೋಡಿ, ಬೆಕ್ಕಿನ ಬಿಡಾರ. ಎಲ್ಲಿಂದ ಬಂತು ಅಂತ ಲಾಂಡ್ರಿ ಅಕ್ಕ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಮರದ ಅಕ್ಷರ ಮಾಡಿಸಿ, ಬೀದಿಗೆ ಕಾಣುವ ಗೋಡೆಯ ಮೇಲೆ ಮೊಳೆ ಹೊಡೆದು ನಿಲ್ಲಿಸಿದರು. ಅಂದಿನಿಂದ ಕೈಗೆ ಬಿಡುವಿಲ್ಲ. ಹಾಸು ಬದಲಿಸು, ಬಚ್ಚಲು ಉಜ್ಜು, ಫ್ಲಾಸ್ಕಿಗೆ ಬಿಸಿನೀರು ತುಂಬು, ಕೀಲಿಯನ್ನು ಗೇಟಿನ ಪಕ್ಕದ ಡಬ್ಬಿಯಲ್ಲಿಡು. ಬರುವವರು ನಂಬರ್ ಒತ್ತಿ ಡಬ್ಬಿ ತೆರೆದು ತಾವೇ ಮೇಲೆ ಹತ್ತಿಕೊಳ್ಳುತ್ತಿದ್ದರು. ಯಾರೋ ಒಬ್ಬ ಬಂದವನು ಮನೆಯ ವಿಡಿಯೊ ಮಾಡಿ ಹಾಕಿದ ಮೇಲಂತೂ ಕೇಳಲೇಬೇಡಿ. ಅದರಲ್ಲಿ ತನ್ನ ಮುಖ ಬರಬಾರದು, ಮಗಳ ಮುಖ ಬರಬಾರದು ಅಂತ ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಹೆಸರಿನ ವಿಷಯ ಮಾತ್ರ ಅವಳ ತಲೆಗೇ ಹೊಳೆದಿರಲಿಲ್ಲ.

ಆ ಹೆಸರು ಅವಳು ಬಿಟ್ಟು ಓಡಿಬಂದ ಗಂಡನ ಮನೆಯದು. ಅಲ್ಲಿ ಅಡುಗೆಮನೆಯ ಹಿಂದೆ ಕಿಟಕಿಯಿಲ್ಲದ ಒಂದು ಉಗ್ರಾಣ. ಬೀದಿಬೆಕ್ಕೊಂದು ಅಲ್ಲಿ ಮರಿ ಹಾಕಿತ್ತು. ಗಂಡನ ಬೂಟಿನ ಸದ್ದು ಕೇಳಿ, ಅವನು ಯಾವ ಲಹರಿಯಲ್ಲಿದ್ದಾನೆಂದು ಅತ್ತೆಗೆ ತಿಳಿದುಬಿಡುತ್ತಿತ್ತು. “ಬೆಕ್ಕಿನ ಬಿಡಾರಕ್ಕೆ ಹೋಗಮ್ಮ” ಅಂತ ಸೊಸೆಯ ಕಿವಿಯಲ್ಲಿ ಹೇಳುತ್ತಿದ್ದರು. ಸದ್ದಾಗಬಾರದೆಂದು ಆ ಮನೆಯ ಹೆಂಗಸರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಇವಳು ಮಗಳನ್ನು ಕರೆದುಕೊಂಡು ಹೊರಟ ದಿನ ಮಗು ಅಳಬಾರದೆಂದು ಬಿಳಿಯ ಮರಿಯೊಂದನ್ನು ಅದರ ಶಾಲೆಯ ಚೀಲಕ್ಕೆ ಹಾಕಿ ಕಳಿಸಿದವರೂ ಅತ್ತೆಯೇ. ಆ ಮರಿ ಇಲ್ಲಿ ಬೆಳೆದು, ಒಂದು ದಿನ ಗೋಡೆ ಹಾರಿ ಹೋದದ್ದು ಮತ್ತೆ ಬರಲಿಲ್ಲ.

ಇವತ್ತು ಬೆಳಗ್ಗೆ ಫೋನಿಗೆ ಒಂದು ಬುಕಿಂಗ್ ಬಂತು. ಒಬ್ಬರೇ, ಮಧ್ಯಾಹ್ನಕ್ಕೆ ಬರುತ್ತಾರೆ. ಯಾವುದೋ ಗುರುತಿಲ್ಲದ ಹೆಸರು, ಫೋಟೋದ ಜಾಗದಲ್ಲಿ ಒಂದು ಹೂವು. ಕೆಳಗೆ ಒಂದೇ ಸಾಲು: ಚೀಲದಲ್ಲಿ ಹೋದ ಬಿಳಿ ಮರಿ ಚೆನ್ನಾಗಿದೆಯಾ?

ದಿಂಬಿಗೆ ಕವರ್ ತೊಡಿಸುತ್ತಿದ್ದವಳು ದಿಂಬನ್ನು ಅವುಚಿಕೊಂಡೇ ನೆಲಕ್ಕೆ ಕುಸಿದಳು. ಆ ಮರಿಯ ವಿಷಯ ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಅತ್ತೆಗೆ ಫೋನ್ ಒತ್ತಲೂ ಬರುವುದಿಲ್ಲ. ಹಾಗಾದರೆ ಇದನ್ನು ಬರೆದವನು ಅವನೇ. ಅವನಿಗೆ ಗೊತ್ತಾಗಿದೆ ಅಂದರೆ ಅತ್ತೆಯ ಬಾಯಿ ಬಿಡಿಸಿದ್ದಾನೆ. ಹೇಗೆ ಬಿಡಿಸಿರಬಹುದು ಅನ್ನುವುದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಚೂಟಿಯನ್ನು ದರದರ ಎಳೆದುಕೊಂಡು ಲಾಂಡ್ರಿಗೆ ಓಡಿದಳು. ಅಲ್ಲಿಯವರೆಗೆ ಬಚ್ಚಿಟ್ಟದ್ದನ್ನೆಲ್ಲ ತೊದಲುತ್ತ ಹೇಳಿದಳು.

“ಬುಕಿಂಗ್ ಕ್ಯಾನ್ಸಲ್ ಮಾಡೇ ಮೊದಲು” ಅಂದಳು ಲಾಂಡ್ರಿ ಅಕ್ಕ.

“ಮಾಡಿ ಏನು ಬಂತಕ್ಕ? ಬುಕ್ ಆದ ತಕ್ಷಣ ವಿಳಾಸ ತಾನಾಗೇ ಹೋಗಿಬಿಡುತ್ತೆ. ಡಬ್ಬಿ ನಂಬರೂ ಹೋಗಿದೆ. ಜನ ಕಾಯಬಾರದು ಅಂತ ನಾನೇ ಹಾಗೆ ಇಟ್ಟಿದ್ದೆ. ಈಗ ಕೀಲಿ ತೆಗೆದಿಟ್ಟರೆ ನೇರ ನನ್ನ ಬಾಗಿಲಿಗೇ ಬರುತ್ತಾನೆ.”

“ಪೊಲೀಸರಿಗೆ ಹೇಳು.”

“ಏನಂತ ಹೇಳಲಿ? ಯಾರೋ ಬೆಕ್ಕಿನ ಮರಿ ಕ್ಷೇಮ ವಿಚಾರಿಸಿದರು ಅಂತಲಾ?”

ಬೇರೆ ಹೊತ್ತಿನಲ್ಲಾಗಿದ್ದರೆ ಇಬ್ಬರೂ ನಗುತ್ತಿದ್ದರು. ಬುಕಿಂಗಿನಲ್ಲಿದ್ದ ನಂಬರಿಗೆ ಮತ್ತೆ ಮತ್ತೆ ಮಾಡಿದರು, ಯಾರೂ ಎತ್ತಲಿಲ್ಲ. ಚೂಟಿಯನ್ನು ಬಟ್ಟೆಯ ಮೂಟೆಗಳ ಹಿಂದೆ ಕೂರಿಸಿ, ಉಸಿರೆತ್ತಬೇಡ ಅಂದರು. ಆ ಮಗುವಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಚಪ್ಪಲಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿತು.

ಮಧ್ಯಾಹ್ನ ಬಿಡಾರದಮ್ಮ ಕೆಳಗಿನ ಕೋಣೆಯ ಪರದೆಯ ಹಿಂದೆ ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಪಕ್ಕದಲ್ಲಿ ಲಾಂಡ್ರಿ ಅಕ್ಕ, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. “ಬಿಸಿ ಇಲ್ಲ, ಆದರೆ ಭಾರ ಇದೆ” ಅಂತ ಪಿಸುಗುಟ್ಟಿದಳು ಪುಣ್ಯಾತ್ಗಿತ್ತಿ.

ಗೇಟು ಕಿರ್ ಅಂದಿತು. ಕೀಲಿ ಡಬ್ಬಿಯ ಗುಂಡಿಗಳ ಸದ್ದು. ತಪ್ಪಾಯಿತು, ಮತ್ತೆ ಒತ್ತಿದರು, ಮತ್ತೆ ತಪ್ಪಾಯಿತು. ಕೊನೆಗೆ ಡಬ್ಬಿ ತೆರೆಯಿತು. ಇನ್ನು ಮೆಟ್ಟಿಲ ಮೇಲೆ ಬೂಟಿನ ಸದ್ದು ಬರಬೇಕು. ಬರಲಿಲ್ಲ. ಮೇಲಿನ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು, ನಡುವೆ ಒಂದೇ ಒಂದು ಹೆಜ್ಜೆಯಿಲ್ಲ. ಸದ್ದು ಮಾಡಿಕೊಂಡು ಬರುವ ಅವನನ್ನಾದರೂ ಅವಳು ಬಲ್ಲಳು, ಸದ್ದಿಲ್ಲದೆ ಹತ್ತಿದ ಇದು ಯಾರು?

ಇಬ್ಬರೂ ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ಕೋಣೆಯಲ್ಲಿ ಯಾರೂ ಇಲ್ಲ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಬಚ್ಚಲೂ ಖಾಲಿ. ಲಾಂಡ್ರಿ ಅಕ್ಕ ಕಣ್ಣಲ್ಲೇ ತೋರಿಸಿದಳು: ಮೂಲೆಯಲ್ಲಿ, ಹಾಸು ಟವೆಲ್ಲು ಇಡುವ ಸಣ್ಣ ಕೋಣೆಯ ಬಾಗಿಲು ಒಂದಿಷ್ಟೇ ತೆರೆದಿತ್ತು. ಒಳಗೆ ಯಾರೋ ಉಸಿರಾಡುತ್ತಿದ್ದರು.

ಅವಳು ಬಾಗಿಲು ಎಳೆದಳು.

ಟವೆಲ್ಲುಗಳ ನಡುವೆ ಮೊಣಕಾಲು ಎದೆಗಪ್ಪಿ ಅತ್ತೆ ಕೂತಿದ್ದರು. ಕೈಯಲ್ಲಿ ಚಪ್ಪಲಿ.

“ಬಾಗಿಲು ಹಾಕಮ್ಮ” ಅಂದರು ಅತ್ತೆ.

ಅಳು ಎಲ್ಲಿತ್ತೋ, ಕಟ್ಟೆಯೊಡೆದು ಬಂತು. ಅಷ್ಟು ದೊಡ್ಡ ಮಂಚ, ಕಿಟಕಿ, ಕುರ್ಚಿ ಎಲ್ಲ ಬಿಟ್ಟು ಈ ಗೂಡೇ ಕಂಡಿತಲ್ಲ ಈ ಜೀವಕ್ಕೆ ಅಂತ ಅವಳು ಅತ್ತೆಯ ಕಾಲು ಹಿಡಿದು ಅತ್ತಳು. ಅಲ್ಲಿನ ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಬುಕ್ ಮಾಡಿಸಿದರಂತೆ. ನಂಬರೂ ಆ ಹುಡುಗಿಯದೇ, ಯಾರ ಕರೆಯನ್ನೂ ಎತ್ತಬೇಡ ಅಂತ ಹೇಳಿ ಬಂದಿದ್ದರಂತೆ. ನಾನೇ ಅಂತ ಗೊತ್ತಾಗಲಿ ಅಂತ ಮರಿಯ ವಿಷಯ ಬರೆಸಿದರಂತೆ.

“ನಾವಿಲ್ಲಿರೋದು ಅವರಿಗೆ ಗೊತ್ತಾ ಅತ್ತೆ?”

“ಅವನಿಗೆ ಅದು ಉಗ್ರಾಣ ಅಷ್ಟೇ ಕಣಮ್ಮ. ನಾವಿಟ್ಟ ಹೆಸರು ಅವನೆಲ್ಲಿ ಕೇಳಿದ್ದ?” ಅತ್ತೆ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು, “ಆದರೆ ಆ ವಿಡಿಯೊ ನಾನು ನೋಡಿದ್ದೇ ಅವನ ಫೋನಲ್ಲಿ. ಇದೆಂಥ ಹುಚ್ಚು ಹೆಸರು ಅಂತ ಓದಿ ನಕ್ಕ. ನನ್ನ ಕೈಯಲ್ಲಿದ್ದ ತಟ್ಟೆ ಬಿದ್ದುಹೋಯ್ತು. ನಗೋದು ನಿಲ್ಲಿಸಿ ನನ್ನ ಮುಖಾನೇ ನೋಡ್ದ. ಈಗ ನಾನೂ ಕಾಣಿಸ್ತಿಲ್ಲ ಅಂದ್ರೆ, ಆ ತಟ್ಟೆ ಅವನಿಗೆ ನೆನಪಾಗದೆ ಇರುತ್ತಾ?”

ಬಿಡಾರದಮ್ಮ ಫೋನ್ ತೆಗೆದು, ಬಂದವರೆಲ್ಲ ಮೆಚ್ಚಿ ಬರೆದದ್ದರ ಸಮೇತ ಬೆಕ್ಕಿನ ಬಿಡಾರವನ್ನು ಅಳಿಸಿಹಾಕಿದಳು. ಅನ್ನ ಕೊಟ್ಟ ಹೆಸರನ್ನು ತನ್ನ ಕೈಯಾರೆ ಅಳಿಸಿದ್ದಾಯಿತು. ಕೆಳಗಿಳಿದು, ಏಣಿ ಹಾಕಿ, ಅಕ್ಷರಗಳನ್ನು ಒಂದೊಂದಾಗಿ ಕಿತ್ತಳು.

ಲಾಂಡ್ರಿ ಅಕ್ಕ ಕರೆದದ್ದೇ ಚೂಟಿ ಓಡಿಬಂದು, ಕೆಳಗಿಳಿದು ನಿಂತಿದ್ದ ಅಜ್ಜಿಯನ್ನು ತಬ್ಬಿಕೊಂಡಳು. ಆಮೇಲೆ ಗೋಡೆ ನೋಡಿ ಗಟ್ಟಿಯಾಗಿ ಓದಿದಳು, “ಬೆಕ್ಕಿನ ಬಿಡಾರ!”

ಬಿಸಿಲಿಗೆ ಗೋಡೆಯ ಬಣ್ಣವೆಲ್ಲ ಮಾಸಿತ್ತು. ಅಕ್ಷರಗಳಿದ್ದ ಕಡೆ ಮಾತ್ರ ಹೊಚ್ಚ ಹೊಸದಾಗಿ ಉಳಿದಿತ್ತು. ಬೀದಿಯ ತುದಿಯಿಂದಲೂ ಓದಬಹುದಾಗಿತ್ತು.

ಅಷ್ಟರಲ್ಲಿ ಗೇಟಿನ ಹೊರಗೆ ಒಂದು ಗಾಡಿ ನಿಂತಿತು.

“ಅಯ್ಯೋ, ಎದುರು ಮನೆಯವರ ಗಾಡಿ ಕಣ್ರೇ! ಎಲ್ಲಿಗೆ ಹೊರಟಿರಿ?” ಅಂತ ಲಾಂಡ್ರಿ ಅಕ್ಕ ಕೂಗಿದಾಗ ಬಿಡಾರದಮ್ಮ ತಿರುಗಿ ನೋಡಿದಳು. ತಾನೂ ಅತ್ತೆಯೂ ಚೂಟಿಯೂ ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು. ಮೂವರ ಕೈಯಲ್ಲೂ ಚಪ್ಪಲಿ. ಮಗುವಿನ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ.

“ಅಕ್ಕ, ಬಾಗಿಲು ಹಾಕ್ಕೊಂಡು ಬನ್ನಿ. ಪೊಲೀಸ್ ಸ್ಟೇಷನ್ನಿಗೆ ಹೋಗೋಣ. ಈಗ ಹೇಳೋಕೆ ಅತ್ತೆ ಇದ್ದಾರೆ.” ಆಮೇಲೆ ಅತ್ತೆಯ ಕಡೆ ತಿರುಗಿದಳು. “ಚಪ್ಪಲಿ ಹಾಕ್ಕೊಳ್ಳಿ ಅತ್ತೆ. ಚೂಟಿ, ನೀನೂ.”

ಮೂವರೂ ಚಪ್ಪಲಿ ಮೆಟ್ಟಿ ಒಂದು ಮೆಟ್ಟಿಲು ಇಳಿದರು. ಟಪ್ ಅಂತ ಬಂದ ಆ ಸದ್ದಿಗೆ ಮೂವರೂ ಬೆಚ್ಚಿಬಿದ್ದರು. ಆಮೇಲೆ ಇನ್ನೊಂದು ಮೆಟ್ಟಿಲು ಇಳಿದರು.